ನರಗುಂದದಿಂದ ಗಜೇಂದ್ರಗಡಕ್ಕೆ

ಗದಗ ಜಿಲ್ಲೆಯ ಕೋಟೆಗಳನ್ನು ಎರಡು ದಿನದಲ್ಲಿ ಹತ್ತಿಳಿಯಬೇಕೆನ್ನುವವರು ನರಗುಂದದಿಂದ ಆರಂಭಿಸುವುದು ಒಳ್ಳೆಯದು. ಸುತ್ತ ಎರೆಹೊಲ, ನಡುವೆ ಗುಡ್ಡ, ಅದರ ನೆತ್ತಿಯ ಮೇಲೆ ಕೋಟೆ. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ಇದನ್ನು ಮುತ್ತಿ ವಶಪಡಿಸಿಕೊಂಡಿತು. ಇದರಿಂದಲೇ ಮರಾಠರಿಗೂ ಮೈಸೂರಿಗೂ ಯುದ್ಧ ಹೊತ್ತಿಕೊಂಡಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬರ ಊರೂ ಇದೇ. ಅದೇ ವರ್ಷ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಆ ಸಂಜೆಯೇ ರೋಣ ತಲುಪಿದರೆ ದಣಿವಾರುತ್ತದೆ.

ಮರುದಿನ ಗಜೇಂದ್ರಗಡ. ನರಗುಂದದ ಮುತ್ತಿಗೆಯಿಂದ ಬೆಳೆದ ಯುದ್ಧ ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ಎರಡೇ ದಿನದ ನಡಿಗೆಯಲ್ಲಿ ಒಂದು ಯುದ್ಧದ ಮೊದಲೂ ಕೊನೆಯೂ ಕಾಲಿಗೆ ಸಿಗುವುದು ಅಪರೂಪ. ಕೋಟೆ ನೋಡಿದ ಮೇಲೆ ಕಾಲಕಾಲೇಶ್ವರ ಗುಡಿಗೆ ಹೋಗಬೇಕು. ಈ ಒಣಸೀಮೆಯ ಗುಡ್ಡದಲ್ಲಿ, ಬಂಡೆಯ ಸಂದಿಯಿಂದ ಅಂತರಗಂಗೆಯ ನೀರು ಹನಿಹನಿಯಾಗಿ ಒಸರುತ್ತದೆ.

ಚಳಿಗಾಲವೇ ಹದವಾದ ಕಾಲ. ಬಿಸಿಲೇರುವ ಮುನ್ನ ಹತ್ತಬೇಕು. ಬುತ್ತಿಯಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಹೆಗಲಿಗೆ ಸಾಕಷ್ಟು ನೀರು ಇರಲಿ.

ಹೊರಡುವವರಲ್ಲಿ ಒಂದು ವಿನಂತಿ: ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ಒಯ್ದ ಬಾಟಲಿಗಳನ್ನು ಮರಳಿ ತನ್ನಿ.