ಒಪ್ಪದೆಯೂ ಒಡನಿರುವುದು

ಇವತ್ತಿನ ವಿಷಯ ಮೇಲ್ನೋಟಕ್ಕೆ ಚಿಕ್ಕದು: ದೇವರು, ಊಟ, ಉಡುಗೆ, ಮದುವೆ, ಮಕ್ಕಳು ಇಂಥ ಸಂಗತಿಗಳಲ್ಲಿ ನಮಗಿಂತ ಬೇರೆಯಾಗಿ ಬದುಕುವ ಪರಿಚಯಸ್ಥರೊಡನೆ ಮಾತು ಕೆಡದಂತೆ ಇರುವುದು ಹೇಗೆ? ಪರಿಚಯಸ್ಥರು ಎಂಬ ಪದವನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಮನೆಯವರೊಡನೆ ಜಗಳವಾಡಿದರೂ ರಾತ್ರಿ ಒಂದೇ ಒಲೆಯ ಅನ್ನ ಉಣ್ಣುತ್ತೇವೆ. ಆ ಸಂಬಂಧಕ್ಕೆ ಜಗಳವನ್ನು ತಾಳುವ ಶಕ್ತಿಯಿದೆ. ಗುರುತಿಲ್ಲದವರೊಡನೆ ವಾದವಾದರೆ ಬಸ್ಸಿಳಿದ ಮೇಲೆ ಮುಗಿಯಿತು. ಪಕ್ಕದ ಮನೆಯವರು, ಕಚೇರಿಯಲ್ಲಿ ಎದುರು ಮೇಜಿನವರು, ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವವರು ಈ ಎರಡಕ್ಕೂ ಸೇರುವುದಿಲ್ಲ. ಅವರಲ್ಲಿ ನಮಗೆ ಮನೆಯವರಷ್ಟು ಸಲುಗೆಯಿಲ್ಲ, ಆದರೆ ನಾಳೆ ಬೆಳಗಾದರೆ ಮತ್ತೆ ಮುಖ ನೋಡಬೇಕು. ಇಂಥವರ ನಡುವೆ ನಂಬಿಕೆಯಲ್ಲಿ ಒಮ್ಮತ ಹುಡುಕುವುದು ಬೇಡ; ಜೊತೆಯಾಗಿ ಮಾಡಬೇಕಾದ ಕೆಲಸದಲ್ಲಿ ಏನು ಮಾಡೋಣ ಎಂದು ಬಿಡಿಸಿ ಮಾತಾಡಿಕೊಳ್ಳುವುದು ಸಾಕು ಎಂಬುದು ನನ್ನ ವಾದ.

ಇದಕ್ಕೆ ನಮ್ಮ ನೆಲದಲ್ಲೇ ಕಲ್ಲಿನ ಸಾಕ್ಷಿಯಿದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ ವಿಜಯನಗರದ ಬುಕ್ಕರಾಯನ ಕಾಲದ್ದು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ದೂರಿಟ್ಟರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಸೇರಿದಂತೆ ಶ್ರೀವೈಷ್ಣವರೆಲ್ಲ ಕೂಡಿದ್ದ ಸಭೆಯಲ್ಲಿ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೆ ಭೇದವಿಲ್ಲ ಎಂದು ಶಾಸನ ಹೇಳುತ್ತದೆ ನಿಜ. ಆದರೆ ನಾರಾಯಣನೇ ಪರದೈವವೆನ್ನುವವರಿಗೂ, ಜಗತ್ತಿಗೆ ಸೃಷ್ಟಿಕರ್ತನೇ ಇಲ್ಲವೆನ್ನುವವರಿಗೂ ತತ್ತ್ವದಲ್ಲಿ ಭೇದವಿಲ್ಲವೆಂದು ಆ ಸಭೆಯಲ್ಲಿ ಕೂತಿದ್ದ ಪಂಡಿತರು ಯಾರೂ ನಂಬಿರಲಾರರು. ಭೇದವಿಲ್ಲ ಎಂಬುದನ್ನು ಮರ್ಯಾದೆಯಲ್ಲಿ ಭೇದವಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಏಕೆಂದರೆ ಶಾಸನದ ಉಳಿದ ಭಾಗವೆಲ್ಲ ವ್ಯವಹಾರದ್ದು. ಪಂಚಮಹಾವಾದ್ಯ ಮತ್ತು ಕಲಶದ ಗೌರವ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಕೂಡಿಸಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಈ ಏರ್ಪಾಟನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದು. ಯಾರ ದೇವರು ನಿಜ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಲೇ ಇಲ್ಲ. ವಾದ್ಯ ಯಾರು ಊದಿಸಬೇಕು, ಸುಣ್ಣದ ಖರ್ಚು ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಇತ್ಯರ್ಥ ಮಾಡಿದರು. ಇದೇ ತೀರ್ಮಾನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ.

ಈ ಕ್ರಮ ಇಂದಿನ ನಮ್ಮ ಊಟದ ಎಲೆಗೂ ಒಗ್ಗುತ್ತದೆ. ಜೈನ ಸಹೋದ್ಯೋಗಿಯೊಬ್ಬರನ್ನು ಮನೆಗೆ ಕರೆದಿದ್ದೀರಿ ಎನ್ನಿ. ಅವರು ಆಲೂಗೆಡ್ಡೆ, ಈರುಳ್ಳಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಗೆಡ್ಡೆಯೊಂದರಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿವೆ ಎಂಬ ಅವರ ನಂಬಿಕೆಯನ್ನು ನೀವು ಒಪ್ಪಬೇಕಿಲ್ಲ, ಅಲ್ಲಗಳೆಯಲೂ ಬೇಕಿಲ್ಲ. ‘ಐದೂವರೆಗೆ ಎಲೆ ಹಾಕಿದರೆ ಆದೀತಾ, ಏನೇನು ನಡೆಯುತ್ತೆ ಹೇಳಿ’ ಎಂದು ಕೇಳಿದರೆ ಸಾಕು. ಮದುವೆ, ಮಕ್ಕಳ ವಿಷಯ ಇದಕ್ಕಿಂತ ಕಷ್ಟದ್ದು. ‘ಯಾವಾಗ ಊಟ ಹಾಕಿಸ್ತೀರಾ?’, ‘ಏನಾದ್ರೂ ವಿಶೇಷ ಇದೆಯಾ?’ ಎಂಬವು ನಮ್ಮಲ್ಲಿ ಕೊಂಕಿನ ಮಾತುಗಳಲ್ಲ. ‘ಊಟ ಆಯ್ತಾ’ ಎನ್ನುವಷ್ಟೇ ಅಕ್ಕರೆಯಿಂದ ಬರುವಂಥವು. ಆ ಅಕ್ಕರೆಯನ್ನು ನಾನು ಹಳಿಯಲಾರೆ. ಆದರೆ ಮದುವೆಯೇ ಬೇಡವೆಂದು ನಿರ್ಧರಿಸಿದವರು, ಮಕ್ಕಳು ಬೇಡವೆಂದುಕೊಂಡ ಅಥವಾ ಬಯಸಿಯೂ ಆಗದ ದಂಪತಿ ಆ ಪ್ರಶ್ನೆಗೆ ಪ್ರತಿ ಸಮಾರಂಭದಲ್ಲೂ ಉತ್ತರ ಹುಡುಕಬೇಕಾಗುತ್ತದೆ. ಅವರ ತೀರ್ಮಾನದಿಂದ ನಮ್ಮಿಬ್ಬರ ನಡುವೆ ಇತ್ಯರ್ಥವಾಗಬೇಕಾದ್ದು ಏನೂ ಇಲ್ಲ. ಹಾಗಾಗಿ ಅಲ್ಲಿ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ.

ಇಷ್ಟಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಶಾಸನದ ಬಗ್ಗೆ: ಅಂದು ರಾಜನಿದ್ದ, ತಪ್ಪಿದವನು ರಾಜದ್ರೋಹಿ ಎಂಬ ಬೆದರಿಕೆಯೂ ಇತ್ತು; ಸಾಲದ್ದಕ್ಕೆ ದೂರು ಕೊಟ್ಟವರೇ ತಮ್ಮ ರಕ್ಷಣೆಗೆ ಹಣ ತೆರಬೇಕಾಯಿತು ಎನ್ನಬಹುದು. ಈ ಟೀಕೆ ನ್ಯಾಯವಾದದ್ದೇ. ಒಪ್ಪಂದದ ಹೊರೆ ಸಣ್ಣ ಪಂಗಡದ ಹೆಗಲಿಗೇ ಹೆಚ್ಚು ಬೀಳುತ್ತದೆಂಬುದನ್ನು ಶಾಸನವೇ ತೋರಿಸುತ್ತದೆ, ನಾವು ಅದನ್ನು ತಿದ್ದಿಕೊಂಡು ಅನುಸರಿಸಬೇಕು. ಎರಡನೆಯದು: ನಂಬಿಕೆಯ ಚರ್ಚೆಯನ್ನೇ ಬದಿಗಿಟ್ಟರೆ ಅದು ಸೌಜನ್ಯದ ಹೆಸರಿನ ಮೌನವಲ್ಲವೇ? ಅಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದೈವಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಠಾಕೂರರಿಗೆ ಇದು ಎಳ್ಳಷ್ಟೂ ಹಿಡಿಸಲಿಲ್ಲ. ಭೂಕಂಪಕ್ಕೆ ಭೌತಿಕ ಕಾರಣಗಳಷ್ಟೇ ಇರಲು ಸಾಧ್ಯ ಎಂದು ಖಾರವಾಗಿಯೇ ಬರೆದು, ಬರೆದದ್ದನ್ನು ಗಾಂಧೀಜಿಗೇ ಕಳಿಸಿದರು. ಗಾಂಧೀಜಿ ಅದನ್ನು ಫೆಬ್ರುವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚುಹಾಕಿ, ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರೂ ಒಂದಿಂಚು ಹಿಂದೆ ಸರಿಯಲಿಲ್ಲ, ಗೆಳೆತನವೂ ಮುರಿಯಲಿಲ್ಲ. ಆಡಿದ ಮಾತಿಗೆ ಉತ್ತರ ಬಂತೇ ಹೊರತು ಆಡಿದವರ ಬಾಳುವೆಯನ್ನು ಯಾರೂ ಜಾಲಾಡಲಿಲ್ಲ. ಮೇಲಾಗಿ ಗಾಂಧೀಜಿ ತಮ್ಮ ನಂಬಿಕೆಯನ್ನು ಊರೆಲ್ಲ ಕೇಳುವಂತೆ ಹೇಳಿದ್ದರು, ಆದ್ದರಿಂದ ಊರೆಲ್ಲ ಕೇಳುವಂತೆಯೇ ಪ್ರಶ್ನಿಸುವ ಹಕ್ಕು ಠಾಕೂರರಿಗಿತ್ತು. ಪಕ್ಕದ ಮನೆಯವರು ತಮ್ಮ ಪಾಡಿಗೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಕೊಂಡರೆ ನಮಗೆ ಆ ಹಕ್ಕು ಬರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಅವರವರ ಪಾಡಿಗೆ ಬಿಡಬೇಕೇ? ಜಾತಿಯ ಮಾತು ಬಂದಾಗ ನಾನು ಹಾಗೆ ಹೇಳಲಾರೆ. ದಲಿತರಿಗೆ ಬೇರೆ ಲೋಟದಲ್ಲಿ ಚಹಾ ಕೊಡುವುದು ಒಂದು ಜೀವನಶೈಲಿಯಲ್ಲ, ಸಂವಿಧಾನದ 17ನೇ ವಿಧಿಯ ಪ್ರಕಾರ ಅಪರಾಧ. ಅಲ್ಲಿ ನಯವಾಗಿ ಸುಮ್ಮನಿರುವುದು ಆ ಲೋಟ ಹಿಡಿದವರಿಗೆ ಮಾಡುವ ದ್ರೋಹ. ಬೆಂಗಳೂರಿನ ಬಾಡಿಗೆ ಮನೆಗಳ ಮುಂದೆ ಕಾಣುವ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡನ್ನೂ ನಾನು ಅದೇ ಕಣ್ಣಿನಿಂದ ನೋಡುತ್ತೇನೆ. ತನ್ನ ಅಡುಗೆಮನೆಯ ನಿಯಮ ಇನ್ನೊಬ್ಬರ ತಲೆಯ ಮೇಲಿನ ಸೂರನ್ನು ಕಸಿಯತೊಡಗಿದರೆ ಅದು ಖಾಸಗಿ ನಂಬಿಕೆಯಾಗಿ ಉಳಿಯುವುದಿಲ್ಲ. ಇಲ್ಲಿ ಒಬ್ಬ ಪ್ರಾಮಾಣಿಕ ಸಸ್ಯಾಹಾರಿ, ಮಾಂಸಕ್ಕಾಗಿ ಕೊಲ್ಲುವುದೂ ಇನ್ನೊಂದು ಜೀವಕ್ಕೆ ಮಾಡುವ ಅನ್ಯಾಯವಲ್ಲವೇ ಎಂದು ಕೇಳಿದರೆ, ಅವರ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅವರು ಬರೆಯಲಿ, ಸಭೆಯಲ್ಲಿ ಹೇಳಲಿ, ಇಂಥದೇ ವೇದಿಕೆಯಲ್ಲಿ ನನ್ನೊಡನೆ ವಾದಿಸಲಿ. ಮಾಂಸದಡುಗೆಯ ಔತಣಕ್ಕೆ ತಮಗೆ ಬರಲಾಗದೆಂದು ಮುಂಚಿತವಾಗಿ ತಿಳಿಸುವ ಹಕ್ಕೂ ಅವರಿಗಿದೆ, ಕರೆದವರು ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಊಟಕ್ಕೆ ಬಾರದವರನ್ನು ಮುಂದಿನ ಭಾನುವಾರ ಬರೀ ಕಾಫಿಗೆ ಕರೆದರಾಯಿತು.