ಗೊರಕೆಗೆ ಕಿವಿಗೊಡಿ



ಅಬ್ಬಾಜಾನ್ ಗೊರಕೆ ಹೊಡೆದರೆ ‘ಒಳ್ಳೆಯ ನಿದ್ದೆ’ ಎಂದು ನಾವು ನಗುತ್ತೇವೆ. ಆ ಗೊರಕೆ ಹಠಾತ್ತನೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುವುದನ್ನು ಗಮನಿಸಿದ್ದೀರಾ? ಗಂಟಲಿನ ದಾರಿ ಮುಚ್ಚಿ ಉಸಿರು ಕಟ್ಟುವ ಈ ಕಾಯಿಲೆಯೇ ಸ್ಲೀಪ್ ಆಪ್ನಿಯಾ. ರಕ್ತದಲ್ಲಿ ಆಮ್ಲಜನಕ ಮತ್ತೆ ಮತ್ತೆ ಇಳಿಯುತ್ತದೆ. ಆಮ್ಲಜನಕ ಸಾಲದಾದಾಗ ದೇಹ ಹೊಸ ರಕ್ತನಾಳ ಬೆಳೆಸಲು ಹೊರಡುತ್ತದೆ. ಕ್ಯಾನ್ಸರ್ ಗಡ್ಡೆಗೂ ಬೇಕಾದದ್ದು ಅದೇ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1,522 ಜನರನ್ನು 22 ವರ್ಷ ಗಮನಿಸಿ 2012ರಲ್ಲಿ ವರದಿ ಪ್ರಕಟಿಸಿದರು. ತೀವ್ರ ತೊಂದರೆಯಿದ್ದವರಲ್ಲಿ ಕ್ಯಾನ್ಸರ್ ಸಾವಿನ ಅಪಾಯ ಸುಮಾರು 4.8 ಪಟ್ಟು ಕಂಡಿತು, ಬೊಜ್ಜು, ಧೂಮಪಾನಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ! ಆದರೆ ಆಪ್ನಿಯಾವೇ ಕ್ಯಾನ್ಸರಿಗೆ ಕಾರಣವೆಂದು ಇನ್ನೂ ಸಾಬೀತಾಗಿಲ್ಲ.

ಉಸಿರು ಕಟ್ಟುವುದು ಮಲಗಿದವರಿಗೆ ತಿಳಿಯದು. ಪರೀಕ್ಷೆಗೆ ಓದುತ್ತಾ ತಡರಾತ್ರಿ ಎಚ್ಚರವಿರುವವರು ನೀವೇ ಅಲ್ಲವೇ? ಕೇಳಿದ್ದನ್ನು ಬೆಳಿಗ್ಗೆ ಅಮ್ಮಿಗೆ ಹೇಳಿ, ಅಬ್ಬಾಜಾನ್‌ರನ್ನು ವೈದ್ಯರ ಬಳಿ ಕರೆದೊಯ್ಯಿರಿ.