ತೀರಬಾರದ ಒಂದು ತಕರಾರು

ಅಮೆರಿಕದ ಲೂಸಿಯಾನ ರಾಜ್ಯದ ದಕ್ಷಿಣ ಭಾಗದಲ್ಲಿ ಊರೂರ ಮಾಂಸದಂಗಡಿಗಳು 'ಬೂಡ್ಯಾನ್' ಎಂಬ ತಿನಿಸನ್ನು ಬಿಸಿಬಿಸಿಯಾಗಿ ಮಾರುತ್ತವೆ. ಹಂದಿಯ ಮಾಂಸವನ್ನೂ ಈಲಿಯನ್ನೂ ಬೇಯಿಸಿ, ಕೊಚ್ಚಿ, ಅನ್ನ, ಈರುಳ್ಳಿ, ಒಣಮೆಣಸಿನ ಪುಡಿಯೊಡನೆ ಕಲಸಿ, ಕರುಳಿನಲ್ಲಿ ತುಂಬಿ ಮಾಡಿದ್ದು ಅದು.

ಇದು ಕೇಜನ್ ಜನರ ಆಹಾರ. ಫ್ರೆಂಚ್ ಮಾತನಾಡುತ್ತಿದ್ದ ಅವರ ಪೂರ್ವಿಕರನ್ನು 1755ರಿಂದ ಬ್ರಿಟಿಷರು ಇಂದಿನ ಕೆನಡಾದಲ್ಲಿರುವ ಅಕೇಡಿಯದಿಂದ ಹೊರದೂಡಿದರು. ಲೂಸಿಯಾನಕ್ಕೆ ಬಂದು ನೆಲೆಸಿದವರು ಚಳಿಗಾಲದಲ್ಲಿ ನೆರೆಹೊರೆಯವರೆಲ್ಲ ಕೂಡಿ ಹಂದಿ ಕೊಯ್ದು ಹಂಚಿಕೊಳ್ಳುತ್ತಿದ್ದರು. ಮಾಂಸವನ್ನು ಕೆಡದಂತೆ ಇಡುವ ತಂಪುಪೆಟ್ಟಿಗೆಗಳಿಲ್ಲದ ಕಾಲ. ಯಾವ ಭಾಗವೂ ವ್ಯರ್ಥವಾಗಬಾರದು. ಈಲಿಗೂ ಕರುಳಿಗೂ ಅನ್ನ ಜೊತೆಯಾದದ್ದು ಹೀಗೆ.

1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯಗೊಳಿಸಿತು. ಮನೆಮಾತನ್ನಾಡಿದ ಮಕ್ಕಳು ಶಿಕ್ಷೆಗೊಳಗಾದರು; ಆ ಮಾತು ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿತು. ಬೂಡ್ಯಾನ್ ಎಂಬ ಫ್ರೆಂಚ್ ಹೆಸರು ಮಾತ್ರ ಅಂಗಡಿಯ ಫಲಕದ ಮೇಲೆ ಉಳಿಯಿತು.

2012ರಲ್ಲಿ ಸ್ಕಾಟ್ ಎಂಬ ಪುಟ್ಟ ಊರಿಗೆ 'ಜಗತ್ತಿನ ಬೂಡ್ಯಾನ್ ರಾಜಧಾನಿ' ಎಂಬ ಬಿರುದು ಬಂದಿತು. ಆದರೆ ಯಾವ ಅಂಗಡಿಯದು ಶ್ರೇಷ್ಠ ಎಂಬ ವಾದ ಅದರಿಂದ ಮುಗಿಯಲಿಲ್ಲ. ಒಬ್ಬನಿಗೆ ಈಲಿ ಮುಂದಾಗಿರಬೇಕು, ಇನ್ನೊಬ್ಬನಿಗೆ ಅನ್ನ, ಮತ್ತೊಬ್ಬನಿಗೆ ಖಾರ. ಪ್ರತಿಯೊಬ್ಬನೂ ತನ್ನ ಮನೆಯ ಹಿರಿಯರ ಕೈರುಚಿಯನ್ನೇ ಪ್ರಮಾಣವಾಗಿ ಹಿಡಿಯುತ್ತಾನೆ. ಈ ತಕರಾರು ತೀರದಿರುವುದೇ ಲೇಸೆಂದು ನನಗೆ ತೋರುತ್ತದೆ. ಎಲ್ಲರೂ ಒಂದೇ ಅಂಗಡಿಯನ್ನು ಒಪ್ಪಿದ ದಿನ ಉಳಿದ ಮನೆಗಳ ನೆನಪು ಅಳಿಯುತ್ತದೆ.